ಮುಕ್ಕಾಲು ಲೀಟರ್ ನೀರು

ನಮ್ಮ ತೀರ್ಥಹಳ್ಳಿ ಕಡೆ ದೀಪಾವಳಿ ಶುರುವಾಗೋದೇ ನೀರಿನಿಂದ. ಚತುರ್ದಶಿಯ ಹಿಂದಿನ ರಾತ್ರಿ ಬೂರೆ ಹಬ್ಬ. ಹಂಡೆ ತಿಕ್ಕಿ, ಕುತ್ತಿಗೆಗೆ ಹಿಂಡ್ಲೆಕಾಯಿ ಬಳ್ಳಿ ಸುತ್ತಿ, ಬಾವಿಯಿಂದ ಹೊಸ ನೀರು ಸೇದಿ ತುಂಬುತ್ತೇವೆ. ಸೇದುವ ಕೆಲಸ ಯಾವಾಗಲೂ ಅಪ್ಪನದು.

2024ರಲ್ಲಿ ನಾನು ಸೇದಿದೆ. ಅಪ್ಪನ ಎಡಗೈಯಲ್ಲಿ ಫಿಸ್ಟುಲಾ ಇತ್ತು. ಡಯಾಲಿಸಿಸ್ ಸೂಜಿ ಚುಚ್ಚಲಿಕ್ಕೆ ಎರಡು ರಕ್ತನಾಳ ಸೇರಿಸಿ ಹೊಲಿದ ಜಾಗ ಅದು. ಮೇಲೆ ಬೆರಳಿಟ್ಟರೆ ಬೆಕ್ಕು ಗುರುಗುಟ್ಟಿದ ಹಾಗೆ ಅನಿಸುತ್ತಿತ್ತು. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ. ಅವರು ಜಗುಲಿಯಲ್ಲಿ ಕೂತು ಕೊಡ ಎಣಿಸಿದರು.

ದಿನಕ್ಕೆ ಮುಕ್ಕಾಲು ಲೀಟರ್ ನೀರು ಅಂತ ಡಾಕ್ಟರು ಹೇಳಿದ್ದರು. ಕಾಫಿ, ಮಜ್ಜಿಗೆ, ಸಾರು ಎಲ್ಲ ಅದರಲ್ಲೇ ಲೆಕ್ಕ. ಅಮ್ಮ ಒಂದು ಸಣ್ಣ ಸ್ಟೀಲ್ ಲೋಟ ಗೊತ್ತು ಮಾಡಿದ್ದರು, ಇಡೀ ದಿನ ಅದರಲ್ಲೇ ಅಳತೆ. ತೋಟದ ಎಳನೀರೂ ಬಂದ್. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಕಿಡ್ನಿ ಹೋದವರ ಎದೆಬಡಿತವನ್ನೇ ಕೆಡಿಸಬಹುದಂತೆ.

"ಹಂಡೆ ತುಂಬ ನೀರಿದೆ, ನನಗೆ ಮಾತ್ರ ರೇಷನ್" ಅಂದರು ಅಪ್ಪ. ಅಮ್ಮ ನಗಲಿಲ್ಲ. ನಾನು ನಕ್ಕೆ, ಈಗ ಯಾಕೆ ನಕ್ಕೆ ಅನಿಸುತ್ತದೆ.

ಡಯಾಲಿಸಿಸ್ ಮಂಗಳವಾರ, ಗುರುವಾರ, ಶನಿವಾರ. ಆ ವರ್ಷ ಚತುರ್ದಶಿ ಬಂದದ್ದು ಗುರುವಾರ, ಗೋಪೂಜೆಯ ಪಾಡ್ಯ ಶನಿವಾರ. ಒಂದು ದಿನ ಬಿಟ್ಟರೆ ಆಗೋದಿಲ್ವಾ ಅಂತ ಕೇಳಿದ್ದಕ್ಕೆ, ನೀರು ಶ್ವಾಸಕೋಶಕ್ಕೆ ಏರುತ್ತೆ ಅಂದರು ನರ್ಸ್. ಮಂಡಗದ್ದೆ, ಸಕ್ರೆಬೈಲು, ಗಾಜನೂರು ದಾಟಿ ಶಿವಮೊಗ್ಗಕ್ಕೆ ಕತ್ತಲಲ್ಲೇ ಹೊರಟೆವು. ಎಣ್ಣೆಸ್ನಾನ ಇಲ್ಲ. ದಾರಿಯುದ್ದಕ್ಕೂ ಬಚ್ಚಲ ಹೊಗೆ. ನಾಲ್ಕು ಗಂಟೆ ಯಂತ್ರದ ಪಕ್ಕ ಕೂತೆ. ಪಕ್ಕದ ಹಾಸಿಗೆಯವರು ದಿಂಬಿನ ಕೆಳಗಿಂದ ಕಜ್ಜಾಯ ತೆಗೆದು ಅಪ್ಪನಿಗೆ ಅರ್ಧ ಮುರಿದು ಕೊಟ್ಟರು. ನಾನು ನೋಡದ ಹಾಗೆ ಇದ್ದೆ.

ಅಪ್ಪ ಈ ಆಷಾಢದಲ್ಲಿ ಹೋದರು. ಆ ದಿನದ ಬಗ್ಗೆ ಇಲ್ಲಿ ಬರೆಯೋದಿಲ್ಲ.

ಸಾವಾದ ಮನೆಗೆ ವರ್ಷ ಹಬ್ಬ ಇಲ್ಲ. ಇದು ಕ್ರೂರ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸಲಿಲ್ಲ. ಯಾರಿಗೂ ಮುಖ ಅರಳಿಸಿ ತೋರಿಸಬೇಕಿಲ್ಲ, ಅದೇ ದೊಡ್ಡ ರಜೆ. ಹೋಳಿಗೆ ಪಕ್ಕದ ಮನೆಯಿಂದ ಬಂತು. ದನಗಳಿಗೇನು ಸೂತಕ ಅಂತ ಪಕ್ಕದ ಮನೆ ಹುಡುಗ ಬಂದು ಮೈತೊಳೆದು, ಅಡಿಕೆ, ಚೆಂಡುಹೂವಿನ ಸರ ಕಟ್ಟಿ ಹೋದ.

ಬೂರೆ ರಾತ್ರಿ ಮಾತ್ರ ಅಮ್ಮ ಬಾವಿಗೆ ಹೋದರು. ಬಳ್ಳಿ ಇಲ್ಲ, ಬಣ್ಣ ಇಲ್ಲ, ಸುಮ್ನೆ ಹಂಡೆ ತುಂಬಿಸಿದರು. ಯಾಕೆ ಅಂದೆ. "ನಾಳೆ ಸ್ನಾನ ಮಾಡಲ್ವಾ?" ಅಂದರು. ನಾನು ಒಳಗೇ ಕೊಡ ಎಣಿಸುತ್ತಿದ್ದೆ.

ಪಾಡ್ಯದ ರಾತ್ರಿ, ದೀಪ ಹಿಡಿದು ಮನೆಮನೆಗೆ ಹಾಡುತ್ತ ಬರುವ ಅಂಟಿಗೆ-ಪಂಟಿಗೆಯವರ ಹಾಡು ಕೆಳಗಿನ ಗದ್ದೆಯಿಂದ ಏರಿ ಬಂತು. ನಮ್ಮ ಬೇಲಿಬಾಗಿಲು, ದಣಪೆ ಹತ್ತಿರ ನಿಂತುಹೋಯಿತು. ವಿಷಯ ಗೊತ್ತಿತ್ತು ಅವರಿಗೆ. ದೀಪ ಹಿಡಿದ ಅಜ್ಜ ಒಬ್ಬರೇ ಒಳಗೆ ಬಂದರು. ಅಮ್ಮ ದೀಪಕ್ಕೆ ಎಣ್ಣೆ ಎರೆದರು. ಹಾಡಿ ಹಾಡಿ ಅಜ್ಜನ ಗಂಟಲು ಒಣಗಿತ್ತು.

"ಒಂಚೂರು ನೀರು ಕೊಡೆ ತಾಯಿ."

ಆಷಾಢದಿಂದ ಯಾರೂ ಮುಟ್ಟದ ಆ ಸ್ಟೀಲ್ ಲೋಟದಲ್ಲೇ ಅಮ್ಮ ನೀರು ತಂದರು. ಅಜ್ಜ ಎತ್ತಿ ಒಂದೇ ಗುಟುಕಿಗೆ ಕುಡಿದು, ಇನ್ನೊಂದು ಲೋಟ ಅಂದರು.

ಅಮ್ಮ ಒಳಗೆ ಹೋಗಿ ಚೊಂಬನ್ನೇ ತಂದಿಟ್ಟರು.