ಗಪ್ಪಿ ಮರಿಗಳ ಪೆಟ್ಟಿಗೆಗೊಂದು ಕೊಕ್ಕೆ

ಗಪ್ಪಿ ಮೀನಿಗೆ ತಾಯಿ ಮಮತೆ ಅಷ್ಟಕ್ಕಷ್ಟೇ. ಹೆತ್ತ ಮರಿಗಳನ್ನೇ ಗುಳುಂ ಮಾಡುತ್ತದೆ. ಅದಕ್ಕೇ ಮರಿಗಳನ್ನು ಬೇರೆ ಇಡಲು ಟ್ಯಾಂಕಿನ ಒಳಗೇ ನೇತುಹಾಕುವ ಅಕ್ರಿಲಿಕ್ (ಗಾಜಿನಂಥ ಪಾರದರ್ಶಕ ಪ್ಲಾಸ್ಟಿಕ್) ಪೆಟ್ಟಿಗೆ ಮಾಡಲು ಹೊರಟೆ. ಚಪ್ಪಟೆ ತುಂಡುಗಳನ್ನು ಅಂಟಿಸುವುದೇನೂ ಕಷ್ಟವಲ್ಲ. ತಲೆನೋವು ಇದ್ದದ್ದು ಹಿಂದಿನ ಗೋಡೆಯಲ್ಲಿ. ಅದರ ಮೇಲ್ತುದಿ 8 ಮಿ.ಮೀ. ಗಾಜಿನ ಅಂಚನ್ನು ತಬ್ಬಿಕೊಳ್ಳುವ ಹಾಗೆ ಬಗ್ಗಬೇಕಿತ್ತು.

ನಮ್ಮ ಬೀದಿಯಲ್ಲಿ ಬೋರ್ಡು, ನೇಮ್ ಪ್ಲೇಟ್ ಮಾಡುವ ಅಣ್ಣನೊಬ್ಬರಿದ್ದಾರೆ. ಅವರ ಮೇಜಿನ ಮೇಲೊಂದು ಹೀಟರ್. ಹೀಟರ್ ಅಂದರೆ ಏನಿಲ್ಲ, ಎರಡು ಪಟ್ಟಿಗಳ ನಡುವೆ ಎಳೆದು ಕಟ್ಟಿದ, ಕರೆಂಟ್ ಹರಿದರೆ ಕಾಯುವ ನಿಕ್ರೋಮ್ ತಂತಿ, ಒಂದು ತುದಿಗೆ ಸ್ಪ್ರಿಂಗ್. ಕಾದ ತಂತಿ ಉದ್ದವಾಗುತ್ತದಲ್ಲ, ಆಗ ಜೋಲು ಬೀಳದಂತೆ ಸ್ಪ್ರಿಂಗ್ ಎಳೆದು ಹಿಡಿಯುತ್ತದೆ.

3 ಮಿ.ಮೀ. ಹಾಳೆಯ ಮೇಲೆ ಎರಡು ಗೆರೆ ಹಾಕಿಕೊಂಡು ಹೋಗಿದ್ದೆ. ಒಂದಾದ ಮೇಲೊಂದು ಬಗ್ಗಿಸಿದರಾಯಿತು ಅಂತ ನನ್ನ ಲೆಕ್ಕ. ಅಣ್ಣ ನೋಡಿ ನಕ್ಕರು. "ಗೆರೆಗಳು ಇಷ್ಟು ಹತ್ತಿರ ಇದ್ರೆ ಎರಡನೇದು ಕಾಯೋವಾಗ ಮೊದಲನೇದು ಬಿಚ್ಕೊಳ್ಳುತ್ತೆ ಸಾರ್. ಇದಕ್ಕೆ ನೆನಪು ಜಾಸ್ತಿ." ನಿಜ, ಅಕ್ರಿಲಿಕ್ ಮತ್ತೆ ಕಾದರೆ ಹಳೆಯ ಚಪ್ಪಟೆ ರೂಪಕ್ಕೇ ಹೊರಡುತ್ತದೆ. ಅವರು ಮಾಡಿದ್ದೇ ಬೇರೆ. ಮೇಲಿದ್ದ ಪ್ಲಾಸ್ಟಿಕ್ ಪೊರೆ ಸುಲಿದು, ಹಾಳೆಯನ್ನು ಹಿಂದೆ ಮುಂದೆ ಸರಿಸುತ್ತಾ, ಆಗಾಗ ಮಗುಚುತ್ತಾ, ಎರಡೂ ಗೆರೆ ಸೇರಿದ ಅಗಲದ ಪಟ್ಟಿಯನ್ನೇ ಕಾಯಿಸಿದರು.

ಅಕ್ರಿಲಿಕ್ ಮೆತ್ತಗಾಗುವುದು ಸುಮಾರು 105 ಡಿಗ್ರಿ ಸೆಲ್ಸಿಯಸ್‌ನಿಂದ. ಚೆನ್ನಾಗಿ ಬಗ್ಗಲು 150ರ ಆಸುಪಾಸು ಬೇಕು. ಅದಕ್ಕೂ ತೀರಾ ಮೀರಿದರೆ ಒಳಗೆ ಗುಳ್ಳೆ ಏಳುತ್ತದೆ. ಮಳೆಗಾಲದಲ್ಲಿ ತೇವ ಕುಡಿದ ಹಾಳೆಯಾದರೆ ಬೇಗನೇ ಏಳುತ್ತದೆ. ಅಣ್ಣನ ಹತ್ತಿರ ಥರ್ಮಾಮೀಟರೇನೂ ಇರಲಿಲ್ಲ. ತುದಿಯನ್ನು ಬೆರಳಲ್ಲಿ ಮೆಲ್ಲಗೆ ಎತ್ತಿ ನೋಡುತ್ತಿದ್ದರು. ಹಾಳೆ ಸೆಟೆದುಕೊಂಡರೆ ಮತ್ತೆ ತಂತಿಯ ಮೇಲೆ. ಕೊನೆಗೆ ಅದು ಹಸಿ ಹಪ್ಪಳದ ಹಾಗೆ ತಾನೇ ಜೋತುಬಿತ್ತು. ತಕ್ಷಣ 10 ಮಿ.ಮೀ. ಮರದ ಪಟ್ಟಿಗೆ ಸುತ್ತಿ ಒತ್ತಿ ಹಿಡಿದರು. ಗಾಜಿಗಿಂತ 2 ಮಿ.ಮೀ. ಜಾಸ್ತಿ ಬೇಕೇ ಬೇಕು, ಇಲ್ಲದಿದ್ದರೆ ಅಂಚಿಗೆ ಸಿಕ್ಕಿಕೊಂಡು ತೆಗೆಯುವಾಗ ಮುರಿಯುತ್ತದೆ.

"ಒದ್ದೆ ಬಟ್ಟೆ ಹಾಕಲಾ ಅಣ್ಣ?" ಅಂದೆ. "ಬೇಡ ಬೇಡ, ತಾನಾಗೇ ಆರಲಿ." ಬೇಗ ತಣಿಸಿದರೆ ಒಳಗೆ ಬಿಗಿತ ಉಳಿಯುತ್ತದಂತೆ. ಆಮೇಲೆ ಅಲ್ಲಿಗೆ ಅಂಟಿಸುವ ಕ್ಲೋರೋಫಾರ್ಮ್ ತಾಗಿತೋ, ಕೂದಲೆಳೆಯಂಥ ಬಿರುಕುಗಳು ಹರಡುತ್ತವೆ. ಹಾಗಾಗಿ ಮೊದಲು ಬಗ್ಗಿಸಬೇಕು, ಪೂರ್ತಿ ಆರಿದ ಮೇಲೆ ಅಂಟಿಸಬೇಕು, ಅದೂ ಬಾಗಿನಿಂದ ದೂರ.

ಪೆಟ್ಟಿಗೆ ಈಗ ಟ್ಯಾಂಕಿನಲ್ಲಿದೆ. ಅಕ್ರಿಲಿಕ್ ನೀರಿಗಿಂತ ಸ್ವಲ್ಪವೇ ಭಾರ, ಜೊತೆಗೆ ತೂತುಗಳಿಂದ ಒಳಗೂ ಹೊರಗೂ ನೀರು ಒಂದೇ ಮಟ್ಟ. ಕೊಕ್ಕೆಯ ಮೇಲೆ ಭಾರವೇ ಇಲ್ಲ ಅನ್ನಬಹುದು. ಸುಮ್ನೆ ಹೆದರಿದ್ದೆ.

ಬೆಂಗಳೂರಿನ ಎಲೆಕ್ಟ್ರಾನಿಕ್ ಸಾಮಾನಿನ ಪೇಟೆ ಎಸ್.ಪಿ. ರೋಡಿನಿಂದ ತಂತಿ ತಂದು ಮನೆಯಲ್ಲೇ ಹೀಟರ್ ಕಟ್ಟುವ ಆಸೆಯೂ ಬಂದಿತ್ತು. ಅದಕ್ಕೆ ಸರಿಯಾದ ಟ್ರಾನ್ಸ್‌ಫಾರ್ಮರ್ ಬೇಕು, ಬರಿಯ ತಂತಿಯನ್ನು ನೇರ 230 ವೋಲ್ಟಿಗೆ ಸಿಕ್ಕಿಸುವುದು ಜೀವದ ಜೊತೆ ಆಟ. ನಮ್ಮ ಬೀದಿಯಲ್ಲೇ ಅಣ್ಣ ಇರುವಾಗ ಅದೆಲ್ಲ ಯಾಕೆ, ಅಲ್ವಾ? ಮುಂದಿನ ವಾರ ಫಿಲ್ಟರಿನ ಮುಚ್ಚಳ ಹಿಡಿದುಕೊಂಡು ಹೋಗುತ್ತಿದ್ದೇನೆ.