ಹದಿನೇಳು ನ್ಯೂಟ್ರಾನ್ ಜಾಸ್ತಿ

ಕಿರುಬೆರಳಿನಷ್ಟೂ ಎತ್ತರವಿಲ್ಲದ ಕಂದು ಗಾಜಿನ ಬಾಟಲಿ. ಒಳಗೆ 1.2 ಮಿಲಿಲೀಟರ್ ದ್ರವ, ನೋಡಿದರೆ ನೀರಿನ ಹಾಗೇ ಇದೆ. ಮೈಸೂರಿನ ನಮ್ಮ ಲ್ಯಾಬಿಗೆ ಬಂದ ಕೂಡಲೇ ಮೊದಲು ಇದನ್ನು ಫ್ರೀಜರಿನಿಂದ ತೆಗೆದಿಡುತ್ತೇನೆ. ತಣ್ಣಗಿರುವಾಗ ಮುಚ್ಚಳ ತೆರೆಯಬಾರದು.

ಒಳಗಿರುವುದು ಅಫ್ಲಾಟಾಕ್ಸಿನ್ ಬಿ1. ಕಡಲೆಕಾಯಿ, ಜೋಳ, ಮೆಣಸಿನಕಾಯಿ ಸರಿಯಾಗಿ ಒಣಗದಿದ್ದರೆ ಬೂಷ್ಟು ಹಿಡಿಯುತ್ತದಲ್ವಾ, ಅಂಥ ಕೆಲವು ಬೂಷ್ಟು ಬಿಡುವ ವಿಷ. ಲಿವರ್ ಕ್ಯಾನ್ಸರ್ ತರುವಂಥದ್ದು. ಆದರೆ ಈ ಬಾಟಲಿಯದ್ದರಲ್ಲಿ 17 ಕಾರ್ಬನ್ನುಗಳೂ ಕಾರ್ಬನ್-13. ಒಂದೊಂದರಲ್ಲೂ ಒಂದು ನ್ಯೂಟ್ರಾನ್ ಜಾಸ್ತಿ. ಗುಣ, ನಡತೆ ಎಲ್ಲ ಅದೇ. ಅಣುಗಳನ್ನು ತೂಕದಿಂದ ಗುರುತಿಸುವ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಮಾತ್ರ ಮಾಮೂಲಿಯದು 313ರಲ್ಲಿ ಕಂಡರೆ ಇದು 330ರಲ್ಲಿ ಕಾಣುತ್ತದೆ. ಅಫ್ಲಾಟಾಕ್ಸಿನ್ನಿನ ಬೇರೆ ಬಗೆಗಳಾದ ಬಿ2, ಜಿ1, ಜಿ2ಗೂ ಇಂಥ ಜೊತೆಗಾರರಿದ್ದಾರೆ.

ಬನ್ನೂರಿನ ಹತ್ತಿರದ ನಮ್ಮೂರಿಗೆ ಹೋದಾಗ ಅಮ್ಮ ಕೇಳಿದರು, "ಅಷ್ಟು ದುಡ್ಡು ಕೊಟ್ಟು ವಿಷನೇ ಯಾಕ್ ತರಿಸ್ತೀಯ ಮಗಾ?" ಹಟ್ಟಿಯಲ್ಲಿ ಕುರಿಗಳಿದ್ದವು. ಅದನ್ನೇ ತೋರಿಸಿ ಹೇಳಿದೆ: ಎಣಿಸದ ಮಂದೆಯೊಳಗೆ ಬಣ್ಣ ಹಚ್ಚಿದ 10 ಕುರಿ ಬಿಡು. ಸಂಜೆ ಬಣ್ಣದವು ಆರೇ ವಾಪಸ್ ಬಂದರೆ, ಮಿಕ್ಕವೂ ಅದೇ ಲೆಕ್ಕದಲ್ಲಿ ಕಳೆದಿವೆ ಅಂತ ಅರ್ಥ. ಅಮ್ಮನಿಗೆ ತಕ್ಷಣ ಗೊತ್ತಾಯಿತು.

ಅದಕ್ಕೇ, ಬಣ್ಣದ ಕುರಿಯಂಥ ಈ ಬಾಟಲಿಯದ್ದನ್ನು ಪುಡಿ ಮಾಡಿದ ಸ್ಯಾಂಪಲ್ಲಿಗೆ ಮೊದಲೇ ಹಾಕಬೇಕು ಅಂತ ನಾನು ಹಟ ಹಿಡಿಯುವುದು. ದುಬಾರಿ ಅಂತ ಕೊನೆಯಲ್ಲಿ ಒಂದು ಹನಿ ಹಾಕುವವರಿದ್ದಾರೆ. ಯಂತ್ರದೊಳಗಿನ ಏರುಪೇರು ಅದರಿಂದ ಸರಿಹೋಗುತ್ತದೆ, ನಿಜ. ಆದರೆ ಸಾರ ತೆಗೆಯುವಾಗ, ಸೋಸುವಾಗ ಕಳೆದದ್ದು ಕಳೆದೇ ಹೋಯಿತು.

ಈ ಬಾಟಲಿಗಳು ಬರುವ ಮೊದಲು ಒಂದು ಒಣಮೆಣಸಿನಕಾಯಿ ಸ್ಯಾಂಪಲ್ ಪರೀಕ್ಷೆ ಮಾಡಿದ್ದೆ. ಒಟ್ಟು ಅಫ್ಲಾಟಾಕ್ಸಿನ್ ಕಿಲೋಗೆ 21 ಮೈಕ್ರೋಗ್ರಾಂ ಬಂತು. ಮಸಾಲೆ ಪದಾರ್ಥಕ್ಕೆ ನಮ್ಮಲ್ಲಿ 30ರ ಮಿತಿ. ಪಾಸ್ ಅಂತ ರಿಪೋರ್ಟ್ ಕೊಟ್ಟೆ. ವಾರದೊಳಗೆ ಬಾಟಲಿಗಳು ಬಂದವು. ಮನಸ್ಸು ತಡೆಯದೆ, ಎತ್ತಿಟ್ಟಿದ್ದ ಅದೇ ಪುಡಿಯನ್ನು ಮತ್ತೆ ಮಾಡಿದೆ. ಬಾಟಲಿಯಿಂದ ಹಾಕಿದ ಕಾರ್ಬನ್-13 ಅಫ್ಲಾಟಾಕ್ಸಿನ್ನಿನಲ್ಲಿ ಶೇಕಡಾ 58 ಮಾತ್ರ ಕಂಡಿತು. ಮೆಣಸಿನಕಾಯಿಯ ಬಣ್ಣ, ಖಾರ, ಎಣ್ಣೆ ಎಲ್ಲ ಸೇರಿ ಸಿಗ್ನಲ್ಲನ್ನು ಅದುಮಿಬಿಟ್ಟಿದ್ದವು. ಲೆಕ್ಕ ಹಾಕಿದರೆ ನಿಜವಾದದ್ದು 36.

ಕೈ ನಡುಗಿತು. ಊಟಕ್ಕೂ ಹೋಗದೆ ಫೋನ್ ಮಾಡಿದೆ. ಮೂಟೆಗಳು ಇನ್ನೂ ಗೋಡೌನಿನಲ್ಲೇ ಇದ್ದವು.