36 ಸಾಕೆಟ್‌ಗಳಿಗೆ ನಾನು ಹಾಕಿದ ಸಹಿ

1988ರಲ್ಲಿ ಪೀಣ್ಯದ ಒಂದು ಕಂಪನಿಯಲ್ಲಿ ಎಕ್ಸ್‌ಟಿ ಕ್ಲೋನ್, ಅಂದರೆ ಐಬಿಎಂನ ಪಿಸಿ ಎಕ್ಸ್‌ಟಿ ಕಂಪ್ಯೂಟರಿನ ನಕಲು, ಮಾಡುತ್ತಿದ್ದೆವು. ಟೆಸ್ಟಿಂಗ್ ನನ್ನದು. 640 ಕೆಬಿ ಬೋರ್ಡ್ ಅಂದರೆ 36 ಮೆಮೊರಿ ಚಿಪ್, ಅವನ್ನು ಒತ್ತಿ ಕೂರಿಸಲು 36 ಸಾಕೆಟ್, ಚಿಪ್‌ಗಳಿಗೆ ಒಟ್ಟು 576 ಕಾಲು. ಒಂದು ದಿನ ಪರ್ಚೇಸ್‌ನವರು ಹೊಸ ಸಾಕೆಟ್ ತಂದರು. ಹಳೆಯದು ಚಿನ್ನದ ಲೇಪದ್ದು. ಇದು ತವರದ್ದು, ಬೆಲೆ ಅರ್ಧಕ್ಕರ್ಧ.

ಬೆರಳಿಗೆ ಆಗಲೇ ಗೊತ್ತಾಗಿತ್ತು. ಹಳೆಯದರಲ್ಲಿ ಚಿಪ್ ಒತ್ತಿ ಒತ್ತಿ ಹೆಬ್ಬೆರಳು ನೋಯುತ್ತಿತ್ತು. ಇದರಲ್ಲಿ ಸಲೀಸಾಗಿ ಕೂತುಬಿಡುತ್ತಿತ್ತು. ಆದರೂ ಹತ್ತು ಮೆಷಿನ್ 48 ಗಂಟೆ ಬರ್ನ್-ಇನ್‌ಗೆ, ಅಂದರೆ ಗಂಟೆಗಟ್ಟಲೆ ಓಡಿಸಿ ನೋಡುವ ಪರೀಕ್ಷೆಗೆ, ಹಾಕಿದೆ. ಒಂದೂ ಫೇಲ್ ಆಗಲಿಲ್ಲ. ಸಹಿ ಹಾಕಿದೆ.

ಮಾರ್ಚ್ ಕೊನೆಗೆ ದಾವಣಗೆರೆಯ ಒಂದು ಬ್ಯಾಂಕಿನಿಂದ ಫೋನ್ ಬಂತು. ರಾತ್ರಿ ಬಸ್ಸು ಹತ್ತಿದೆ. ವರ್ಷದ ಲೆಕ್ಕ ಮುಗಿಸುವ ಹೊತ್ತು. ಪರದೆಯ ಮೇಲೆ 'ಪ್ಯಾರಿಟಿ ಚೆಕ್ 1', ಅಂದರೆ ಬೋರ್ಡಿನ ಮೆಮೊರಿಯಲ್ಲಿ ದೋಷ. ಮ್ಯಾನೇಜರ್, ಗುಮಾಸ್ತರು ಎಲ್ಲ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಮುಚ್ಚಳ ತೆಗೆದು ಟಾರ್ಚನ್ನು ಓರೆಯಾಗಿ ಹಿಡಿದೆ. ಮೂರು ಚಿಪ್ ಒಂದು ಬದಿಗೆ ಎದ್ದಿದ್ದವು, ಉಗುರು ತೂರುವಷ್ಟು. ಒತ್ತಿದೆ. ಕಟಕ್ ಅಂದವು. ಆನ್ ಮಾಡಿದೆ. ಮೆಮೊರಿ ಲೆಕ್ಕ ಏರುತ್ತಾ 640 ತಲುಪುವ ತನಕ ಯಾರೂ ಉಸಿರೆತ್ತಲಿಲ್ಲ.

'ಇಷ್ಟೇನಾ? ಎರಡು ದಿನದ ಎಂಟ್ರಿ ಹೋಯ್ತಲ್ರೀ' ಅಂದರು ಒಬ್ಬ ಗುಮಾಸ್ತರು. ಅವರ ಕಣ್ಣು ನಿದ್ದೆಯಿಲ್ಲದೆ ಕೆಂಪಾಗಿತ್ತು.

ತಪ್ಪು ನನ್ನದೇ. 48 ಗಂಟೆಯಲ್ಲಿ ಒಂದು ಸಲವೂ ಆಫ್ ಮಾಡಿರಲಿಲ್ಲ. ಬೋರ್ಡ್ ಒಂದೇ ಬಿಸಿಯಲ್ಲಿದ್ದರೆ ಚಿಪ್ ಅಲ್ಲಾಡುವುದಿಲ್ಲ. ಆಫೀಸಿನಲ್ಲಿ ಬೆಳಿಗ್ಗೆ ಆನ್, ಸಂಜೆ ಆಫ್. ಕಾದಾಗ ಹಿಗ್ಗಿ, ತಣಿದಾಗ ಕುಗ್ಗಿ, ದಿನಾ ಕೂದಲೆಳೆಯಷ್ಟು ಮೇಲೇಳುತ್ತದೆ. 1980ರ ಆಪಲ್ 3ರಲ್ಲೂ ಇದೇ ಆಗಿತ್ತು. ಫ್ಯಾನ್ ಇಲ್ಲದ ಮೆಷಿನ್. ಚಿಪ್ ಸಡಿಲವಾದರೆ ಎರಡು ಮೂರು ಇಂಚು ಎತ್ತಿ ಮೇಜಿನ ಮೇಲೆ ಬಿಡಿ ಅಂತ ಗಿರಾಕಿಗಳಿಗೆ ಹೇಳುತ್ತಿದ್ದರು. ಅದನ್ನು ಓದಿಯೂ ನನಗೆ ಹೊಳೆಯಲಿಲ್ಲ, ಅದೇ ಈಗಲೂ ಚುಚ್ಚುವುದು.

ಹಳೆಯ ಸಾಕೆಟ್ ವಾಪಸ್ ಕೊಡಿ ಅಂತ ಬರೆದುಕೊಟ್ಟೆ. 'ಸರ್ವಿಸ್ ಕಾಂಟ್ರಾಕ್ಟ್ ಇದೆಯಲ್ಲ, ಹೋಗಿ ಒತ್ತಿ ಬನ್ನಿ' ಅಂದರು ಕಂಪನಿಯಲ್ಲಿ. ಉಳಿತಾಯ ಪರ್ಚೇಸ್ ಲೆಕ್ಕಕ್ಕೆ, ಬಸ್ ಚಾರ್ಜು ಸರ್ವಿಸ್ ಲೆಕ್ಕಕ್ಕೆ. ಎರಡನ್ನೂ ಕೂಡಿಸಿ ನೋಡುವವರು ಯಾರೂ ಇರಲಿಲ್ಲ.

ನಾನು ಬರ್ನ್-ಇನ್ ರ‍್ಯಾಕಿಗೆ ಟೈಮರ್ ಹಾಕಿದೆ. ಒಂದು ಗಂಟೆ ಆನ್, ಒಂದು ಗಂಟೆ ಆಫ್. ಮುಂದಿನ ಲಾಟಿನ ಇಪ್ಪತ್ತರಲ್ಲಿ ನಾಲ್ಕು ಮೆಷಿನ್ ಐದನೇ ದಿನಕ್ಕೆ ಬಿದ್ದವು. ಆ ಲಾಟಿಗೆ ನಾನು ಸಹಿ ಹಾಕಲಿಲ್ಲ. ಬೇರೆಯವರ ಸಹಿಯಲ್ಲಿ ಹೋಯಿತು.